ಹಳೇ ವಾಚಿಗೆ ಹಾಕೋದಾ, ಬಂಗಾರಕ್ಕೆ ಹಾಕೋದಾ? ಬೆಳಗಾವಿ ಕಡೆಯವರಿಗೆ ಒಂದು ಹೋಲಿಕೆ

"ಮೂರ್ನಾಲ್ಕು ಲಕ್ಷ ಕೈಯಲ್ಲಿದೆ. ಹಳೇ ರೋಲೆಕ್ಸ್ ತಗೊಳ್ಳಲಾ, ಒಮೆಗಾ ತಗೊಳ್ಳಲಾ, ಇಲ್ಲಾ ಸುಮ್ನೆ ಬಂಗಾರ ತಂದಿಡಲಾ?" ಈ ಪ್ರಶ್ನೆ ಈಗೀಗ ನನಗೆ ಜಾಸ್ತಿ ಬರುತ್ತಿದೆ. ಕಬ್ಬಿನ ಬಿಲ್ಲು ಬಂದವರು ಕೇಳುತ್ತಾರೆ. ಪುಣೆಯಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಟಿಳಕವಾಡಿಗೆ ಬಂದ ಹುಡುಗರು ಕೇಳುತ್ತಾರೆ. ಬಾಗಲಕೋಟೆ ನವನಗರದ ನಮ್ಮ ಸಂಬಂಧಿಕರೂ ಕೇಳಿದರು. ಎಲ್ಲರೂ ಮೊಬೈಲಿನಲ್ಲಿ ಒಂದೇ ಥರದ ವಿಡಿಯೋ ನೋಡಿರುತ್ತಾರೆ: ಇನ್ನೂರು ಡಾಲರಿಗೆ ಕೊಂಡ ವಾಚು ಕೋಟಿಗಟ್ಟಲೆಗೆ ಹೋಯಿತು ಅಂತ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೆಲೆ ಏರಬೇಕು ಅನ್ನುವುದೊಂದೇ ಆಸೆಯಾದರೆ ಬಂಗಾರ ತಗೊಳ್ಳಿ. ಕೈಗೆ ಕಟ್ಟಿಕೊಳ್ಳುವ ಆಸೆ ಇದ್ದರೆ ಮೊದಲು ಮನೆಯ ಕಪಾಟು ತೆಗೆದು ನೋಡಿ, ಅಜ್ಜನ ವಾಚು ಬಿದ್ದಿದ್ದರೆ ಅದನ್ನು ಓಡುವಂತೆ ಮಾಡಿಸಿ. ಅದಿಲ್ಲ ಅಂದರೆ 50, 60ರ ದಶಕದ ಒಮೆಗಾ. ಹಳೇ ರೋಲೆಕ್ಸ್ ಎಲ್ಲಕ್ಕಿಂತ ಕೊನೆಗೆ, ಅದೂ ಹಿಂದಿನ ಮುಚ್ಚಳ ತೆಗೆಸಿ ನೋಡಿದ ಮೇಲೆ. ಯಾಕಂದರೆ ಇಷ್ಟು ವರ್ಷಗಳಲ್ಲಿ ಬೆಲೆ ಏರಿದ್ದು ಹಳೇ ವಾಚುಗಳಿಗೆಲ್ಲ ಅಲ್ಲ. ಯಾರೂ ಬಣ್ಣ ಬಳಿಯದೆ, ತಿಕ್ಕದೆ, ಭಾಗ ಬದಲಿಸದೆ ಉಳಿದ ಕೆಲವೇ ಮಾಡೆಲ್‌ಗಳಿಗೆ ಮಾತ್ರ.

ಬೆಲೆ ನಿಜವಾಗಿ ಎಷ್ಟು ಏರಿದೆ?

ರೋಲೆಕ್ಸ್ ಸಬ್‌ಮರೀನರ್ ತಗೊಳ್ಳೋಣ, ಎಲ್ಲರಿಗೂ ಗೊತ್ತಿರುವ ವಾಚು. 1953ರಲ್ಲಿ ಬಂತು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಅದರ ಬೆಲೆ ಸುಮಾರು 150 ಡಾಲರ್. 2020ರಲ್ಲಿ ತಾರೀಕು ತೋರಿಸದ ಹೊಸ ಸಬ್‌ಮರೀನರ್ ಬಂದಾಗ ಬೆಲೆ 8,100 ಡಾಲರ್. ಐವತ್ತು ಪಟ್ಟಿಗೂ ಮೇಲೆ! ಕೇಳಿದರೆ ಎದೆ ಝಲ್ ಅನ್ನುತ್ತದೆ. ಈಗ ಅದನ್ನೇ ನಮ್ಮವರು ಲೆಕ್ಕ ಹಾಕುವ ಥರ ತೊಲೆಯಲ್ಲಿ ಹಾಕಿ ನೋಡಿ. ಆಗ ಬಂಗಾರ ಒಂದು ಔನ್ಸಿಗೆ (ಸುಮಾರು 31 ಗ್ರಾಂ) 35 ಡಾಲರ್, ಅಂದರೆ 150 ಡಾಲರಿಗೆ ಸುಮಾರು 133 ಗ್ರಾಂ, ತೊಲೆಗೆ ಹತ್ತು ಗ್ರಾಂ ಹಿಡಿದರೆ ಹದಿಮೂರು ತೊಲೆ ಚಿಲ್ಲರೆ. 2020ರಲ್ಲಿ ಬಂಗಾರದ ಸರಾಸರಿ ಬೆಲೆ ಔನ್ಸಿಗೆ 1,770 ಡಾಲರಿನ ಆಸುಪಾಸು, 8,100 ಡಾಲರಿಗೆ ಎಷ್ಟು ಬರುತ್ತದೆ? ಹದಿನಾಲ್ಕು ತೊಲೆ. ಅರವತ್ತು ವರ್ಷ ಕಳೆದರೂ ಬಂಗಾರದ ಲೆಕ್ಕದಲ್ಲಿ ಹೊಸ ವಾಚಿನ ಬೆಲೆ ಹೆಚ್ಚೇನೂ ಕದಲಿರಲಿಲ್ಲ. ಆಮೇಲೆ 2025ರಲ್ಲಿ ಬಂಗಾರ ಔನ್ಸಿಗೆ 4,000 ಡಾಲರ್ ದಾಟಿತು. ವಾಚು ಹತ್ತು ಸಾವಿರ ಡಾಲರಿನ ಹತ್ತಿರವೇ ಇತ್ತು. ಆಗ ಅದೇ ವಾಚು ಏಳೆಂಟು ತೊಲೆಗೆ ಬರುತ್ತಿತ್ತು.

"ಅದು ಹೊಸ ವಾಚಿನ ಮಾತಾಯಿತು, ಹಳೇದರ ಕಥೆ ಬೇರೆ ಅಲ್ವಾ?" ಬೇರೆಯೇ, ಆದರೆ ನೀವು ಅಂದುಕೊಂಡಷ್ಟು ಅಲ್ಲ. 1962ರಲ್ಲಿ ಶುರುವಾದ 5513 ನಂಬರಿನ ಸಬ್‌ಮರೀನರ್, ಸಾಮಾನ್ಯ ಡಯಲಿನದು, ಒಳ್ಳೆಯ ಸ್ಥಿತಿಯಲ್ಲಿದ್ದರೆ ಈಗ ಹತ್ತರಿಂದ ಹದಿನೈದು ಸಾವಿರ ಡಾಲರ್ ಆಸುಪಾಸು. ಅವತ್ತು ಕೊಂಡವರಿಗೆ ಎಪ್ಪತ್ತು, ಎಂಬತ್ತು ಪಟ್ಟು ಆಯಿತು ಅಂತಿಟ್ಟುಕೊಳ್ಳಿ. ಅಷ್ಟೇ ಹಣಕ್ಕೆ ಅವತ್ತು ಬಂಗಾರ ಕೊಂಡಿದ್ದರೆ 2025ರಲ್ಲಿ ನೂರು ಪಟ್ಟು ದಾಟುತ್ತಿತ್ತು. ಅದರ ಮೇಲೆ ವಾಚಿಗೆ ಐದಾರು ವರ್ಷಕ್ಕೊಮ್ಮೆ ಸರ್ವಿಸ್ ಖರ್ಚು ಬೇರೆ. ಬಂಗಾರಕ್ಕೆ ಎಣ್ಣೆ ಹಾಕಿಸುವ ಕೆಲಸ ಇಲ್ಲ.

ಇನ್ನೂ ದೊಡ್ಡ ಉದಾಹರಣೆ ಇದೆ, ನನಗೆ ತುಂಬಾ ಇಷ್ಟದ್ದು. ಪಾಟೆಕ್ ಫಿಲಿಪ್ ಕಂಪನಿ ಅಮೆರಿಕದ ಬ್ಯಾಂಕರ್ ಹೆನ್ರಿ ಗ್ರೇವ್ಸ್‌ಗೆ ಮಾಡಿಕೊಟ್ಟ ಜೇಬು ಗಡಿಯಾರ, ಸೂಪರ್‌ಕಾಂಪ್ಲಿಕೇಶನ್ ಅಂತ ಹೆಸರು. 1933ರಲ್ಲಿ ಅವರ ಕೈಸೇರಿತು, ಬೆಲೆ 60,000 ಸ್ವಿಸ್ ಫ್ರಾಂಕ್. 2014ರಲ್ಲಿ ಜಿನೀವಾದ ಹರಾಜಿನಲ್ಲಿ 2.32 ಕೋಟಿ ಫ್ರಾಂಕಿಗೆ ಹೋಯಿತು. ಸುಮಾರು 390 ಪಟ್ಟು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆದರೆ 81 ವರ್ಷಕ್ಕೆ ಹಂಚಿದರೆ ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಶೇ. 7.6. ನಮ್ಮ ಸೊಸೈಟಿಯ ಠೇವಣಿಯ ಬಡ್ಡಿಯಷ್ಟೇ! ಇದೇ ಗಡಿಯಾರ 1999ರಲ್ಲೂ ಒಮ್ಮೆ ಮಾರಾಟವಾಗಿತ್ತು, 1.1 ಕೋಟಿ ಡಾಲರಿಗೆ. 2014ರ ಬೆಲೆ ಡಾಲರಿನಲ್ಲಿ ಸುಮಾರು 2.4 ಕೋಟಿ. ಹದಿನೈದು ವರ್ಷದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದೇ ಹದಿನೈದು ವರ್ಷದಲ್ಲಿ ನಮ್ಮ ದೇಶದಲ್ಲಿ 10 ಗ್ರಾಂ ಬಂಗಾರ 4,200 ರೂಪಾಯಿಯ ಆಸುಪಾಸಿನಿಂದ 28,000ದ ಹತ್ತಿರ ಹೋಗಿತ್ತು, ಆರೂವರೆ ಪಟ್ಟು. ಇದರಲ್ಲಿ ರೂಪಾಯಿ ಬಿದ್ದ ಪಾಲೂ ಇದೆ, ನಿಜ. ಡಾಲರ್ 1980ರಲ್ಲಿ ಎಂಟು ರೂಪಾಯಿ, 2000ದಲ್ಲಿ 45, 2025ರಲ್ಲಿ 85 ದಾಟಿದೆ. ಆದರೆ ಆ ಲಾಭ ವಾಚಿಗೂ ಬರುತ್ತದೆ, ಬಂಗಾರಕ್ಕೂ ಬರುತ್ತದೆ.

ಹಾಗಾದರೆ ಆ ಕೋಟಿಗಟ್ಟಲೆಯ ಕಥೆ? ಅದು ನಟ ಪಾಲ್ ನ್ಯೂಮನ್ ಅವರ ಸ್ವಂತ ರೋಲೆಕ್ಸ್ ಡೇಟೋನಾ. 1960ರ ದಶಕದ ಕೊನೆಗೆ ಅವರ ಹೆಂಡತಿ ಜೋನ್ ವುಡ್‌ವರ್ಡ್ ಕೊಡಿಸಿದ್ದು, ಹಿಂದೆ "ಜೋಪಾನವಾಗಿ ಓಡಿಸು" ಅಂತ ಕೆತ್ತಿಸಿ ಕೊಟ್ಟಿದ್ದರು. 2017ರಲ್ಲಿ ನ್ಯೂಯಾರ್ಕಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಅಲ್ಲಿ ಜನ ಬೆಲೆ ಕೊಟ್ಟಿದ್ದು ವಾಚಿಗಲ್ಲ, ಅದನ್ನು ಕಟ್ಟಿಕೊಂಡಿದ್ದ ಆ ಮನುಷ್ಯನಿಗೆ. ಅಂಥದ್ದೇ ಡಯಲಿನ, ಬೇರೆಯವರ ಡೇಟೋನಾಗಳು ಲಕ್ಷಗಟ್ಟಲೆ ಡಾಲರಿಗೆ ಹೋಗುತ್ತವೆ, ಕೋಟಿಗಟ್ಟಲೆಗೆ ಅಲ್ಲ. ಆ ಡಯಲು 60, 70ರ ದಶಕಗಳಲ್ಲಿ ಅಂಗಡಿಯಲ್ಲಿ ಬೇಗ ಖರ್ಚಾಗುತ್ತಲೇ ಇರಲಿಲ್ಲ. ಕಡಿಮೆ ಮಾರಾಟವಾದ್ದರಿಂದ ಈಗ ಸಿಗುವುದು ಅಪರೂಪ, ಅದಕ್ಕೇ ಬೆಲೆ.

ಬಂಗಾರದ ಮನೆಗಳಲ್ಲಿ ಬೆಳೆದ ನಮಗೆ ವಿಚಿತ್ರ ಅನಿಸುವ ಇನ್ನೊಂದು ಸಂಗತಿ: ಹಳೇ ವಾಚಿನಲ್ಲಿ ಎಷ್ಟೋ ಸಲ ಸ್ಟೀಲಿಗೆ ಬಂಗಾರಕ್ಕಿಂತ ಜಾಸ್ತಿ ಬೆಲೆ. ಪಾಟೆಕ್‌ನ 1518 ಅನ್ನುವ ಮಾಡೆಲ್ ಹೆಚ್ಚಾಗಿ ಬಂಗಾರದಲ್ಲೇ ಮಾಡಿದ್ದು, ಸ್ಟೀಲಿನವು ಗೊತ್ತಿರುವುದು ನಾಲ್ಕೇ. ಅದರಲ್ಲೊಂದು 2016ರಲ್ಲಿ 1.1 ಕೋಟಿ ಫ್ರಾಂಕಿಗೆ ಹೋಯಿತು, ಬಂಗಾರದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದೇ ವಾಚು 2025ರಲ್ಲಿ ಮತ್ತೆ ಹರಾಜಿಗೆ ಬಂತು, 1.4 ಕೋಟಿ ಚಿಲ್ಲರೆ. ಒಂಬತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 3ರೊಳಗೆ. ಪ್ರಪಂಚದ ಅತಿ ಅಪರೂಪದ ವಾಚಿಗೇ ಇಷ್ಟು. ಇನ್ನು ಹರಾಜು ಮನೆ ಹೇಳುವ ಬೆಲೆಯಲ್ಲಿ ಕೊಳ್ಳುವವರಿಂದ ಅವರು ತಗೊಳ್ಳುವ ಕಮಿಷನ್ನೂ ಸೇರಿರುತ್ತದೆ, ಅದೇ ಬಿಡ್ ಹಣದ ಕಾಲು ಭಾಗದಷ್ಟು. ಮಾರಿದವರ ಕೈಗೆ ಅಷ್ಟು ಬರುವುದಿಲ್ಲ.

ಏರಿದ್ದು ಹೇಗೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ತಂದಿತು, ನಾವು ಸೆಲ್ ವಾಚು ಅನ್ನುತ್ತೇವಲ್ಲ ಅದು. ಮುಂದಿನ ಹದಿನೈದು ವರ್ಷದಲ್ಲಿ ಸ್ವಿಸ್ ಗಡಿಯಾರದ ಉದ್ಯಮದಲ್ಲಿ ಸುಮಾರು ಮೂರನೇ ಎರಡು ಪಾಲು ಕೆಲಸ ಹೋಯಿತು. ಕೀಲಿ ಕೊಡುವ ವಾಚು ಯಾರಿಗೂ ಬೇಡವಾಯಿತು. 1980ರಲ್ಲಿ ಬಂಗಾರದ ಬೆಲೆ ಜಿಗಿದಾಗ ಎಷ್ಟೋ ಬಂಗಾರದ ವಾಚುಗಳನ್ನು ಬಿಚ್ಚಿ ಕರಗಿಸಿಬಿಟ್ಟರು. ಆಮೇಲೆ 80ರ ದಶಕದಲ್ಲಿ ಇಟಲಿಯ ಸಂಗ್ರಹಕಾರರು ಹಳೇ ರೋಲೆಕ್ಸ್ ಹುಡುಕಲು ಶುರು ಮಾಡಿದರು, ಹರಾಜು ಮನೆಗಳು ವಾಚಿಗೆಂದೇ ಪಟ್ಟಿ ಪುಸ್ತಕ ಅಚ್ಚು ಹಾಕಿದವು, ಇಂಟರ್ನೆಟ್ ಬಂದ ಮೇಲೆ ಯಾವ ಡಯಲು ಅಸಲಿ, ಯಾವುದು ಅಪರೂಪ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಕೊರೊನಾ ಕಾಲದಲ್ಲಿ ಕೈಯಲ್ಲಿ ರೊಕ್ಕ, ಮನೆಯಲ್ಲಿ ಬಿಡುವು, ಕ್ರಿಪ್ಟೋದ ಲಾಭ ಎಲ್ಲ ಸೇರಿ 2022ರ ಶುರುವಿಗೆ ಬೆಲೆ ತುದಿ ಮುಟ್ಟಿತು. ಪಾಟೆಕ್ ನಾಟಿಲಸ್ 5711 ಕಂಪನಿ ಗೊತ್ತು ಮಾಡಿದ ಬೆಲೆಯ ಹಲವು ಪಟ್ಟಿಗೆ ಮಾರುತ್ತಿತ್ತು. ಆ ವರ್ಷವೇ ಇಳಿಯಲೂ ಶುರುವಾಯಿತು. ತುದಿಯಲ್ಲಿ ಕೊಂಡವರಿಗೆ ಆ ದರ ಬೇಗ ಮರಳಿ ಸಿಗಲಿಲ್ಲ. ಬಂಗಾರವೂ ಯಾವಾಗಲೂ ಏರುವುದಿಲ್ಲ, ಅದನ್ನೂ ಹೇಳಬೇಕು. 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿದ್ದು 1999ರಲ್ಲಿ 300ರ ಕೆಳಗಿತ್ತು.

ನಮ್ಮ ಕಡೆಯ ವಾಚುಗಳು, ಮತ್ತು ಮುಂಬೈ ಡಯಲಿನ ಸಮಸ್ಯೆ

ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಲ್ಲ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದವು. ಹಾಗಾಗಿ ನಮ್ಮ ಹಳೇ ಮನೆಗಳ ಟ್ರಂಕಿನಲ್ಲಿ ಸಿಗುವ ವಾಚುಗಳು ಮುಂಬೈ ದಾರಿಯಿಂದ ಬಂದವು: ಫಾವ್ರೆ-ಲೂಬಾ, 1886ರಲ್ಲಿ ಮುಂಬೈಯಲ್ಲೇ ಶುರುವಾದ ವೆಸ್ಟ್ ಎಂಡ್, ರೋಮರ್, ಎನಿಕಾರ್. ವೆಸ್ಟ್ ಎಂಡ್‌ನ ಸವಾರ್ ವಾಚು ಸೈನ್ಯದವರಲ್ಲಿ, ರೈಲ್ವೆಯವರಲ್ಲಿ ಬಹಳ ಇತ್ತು. ಕ್ಯಾಂಪ್ ಇರುವ ಊರು ನಮ್ಮದು, ನಿವೃತ್ತ ಸೈನಿಕರ ಮನೆಗಳಲ್ಲಿ ಕೇಳಿದರೆ ಈಗಲೂ ಒಂದೊಂದು ಹೊರಬರುತ್ತದೆ. ಸ್ವಾತಂತ್ರ್ಯದ ನಂತರ ಆಮದು ಬಿಗಿಯಾಯಿತು, ವಿದೇಶಿ ವಾಚು ಅಂದರೆ ಕಳ್ಳದಾರಿಯಲ್ಲಿ ಬಂದ ಮಾಲು ಅನ್ನುವ ಕಾಲ. ಆಗ ಬಂದದ್ದೇ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಬೆಂಗಳೂರಿನಲ್ಲಿ. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕೊಡದ ಮನೆ ಆಗ ಕಡಿಮೆ.

ಈ ವಾಚುಗಳಿಗೆ ಏನು ಬೆಲೆ? ಇಲ್ಲಿ ನಿರಾಸೆ ಆಗಬೇಡಿ. ಫಾವ್ರೆ-ಲೂಬಾ ಸೀ-ಕಿಂಗ್ ಒಳ್ಳೆಯದಿದ್ದರೂ ಕೆಲವು ಸಾವಿರ ರೂಪಾಯಿಯ ಮಾತು. ಅದೇ ಕಂಪನಿಯ ಬಿವೂಆಕ್, 1962ರಲ್ಲಿ ಬಂದದ್ದು, ಗಾಳಿಯ ಒತ್ತಡದಿಂದ ಬೆಟ್ಟದ ಎತ್ತರ ತೋರಿಸುವ ವಾಚು, ಅದು ಲಕ್ಷ ದಾಟುತ್ತದೆ. ಒಂದೇ ಹೆಸರು, ಒಂದೇ ಕಾಲ. ಹೆಸರು ನೋಡಿ ಬೆಲೆ ಕಟ್ಟಲು ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಬಹಳ ಮುಖ್ಯವಾದ ಮಾತು. ನಮ್ಮ ಮಾರುಕಟ್ಟೆಗೆ, ಮೊಬೈಲ್ ಜಾಹೀರಾತಿಗೆ ಬರುವ ಹಳೇ ವಾಚುಗಳಲ್ಲಿ ದೊಡ್ಡ ಪಾಲು ಮುಂಬೈಯಲ್ಲಿ ಡಯಲಿಗೆ ಹೊಸ ಬಣ್ಣ ಹೊಡೆದವು. ಒಳಗಿನ ಮಷೀನು ಅಸಲಿ ಇರಬಹುದು, ಕೇಸು ಮತ್ತೊಂದು ವಾಚಿನದು, ಮುಳ್ಳು ಮೂರನೆಯದರದು, ಡಯಲಿಗೆ ಕಡುನೀಲಿ, ಕಿತ್ತಳೆ, ಹಸಿರು ಬಣ್ಣ. ನೋಡಲು ಚೆಂದ. ಎರಡು ಸಾವಿರಕ್ಕೆ ಚೆಂದ ಅಂತ ಕೊಂಡರೆ ತಪ್ಪೇನಿಲ್ಲ. ಆದರೆ ಹೊರದೇಶದ ಸಂಗ್ರಹಕಾರರು ಅಂಥದನ್ನು "ಮುಂಬೈ ಸ್ಪೆಷಲ್" ಅಂತ ಹೆಸರಿಟ್ಟು ಪಕ್ಕಕ್ಕಿಡುತ್ತಾರೆ. ಎಪ್ಪತ್ತು ವರ್ಷ ಹಳೆಯ ಒಮೆಗಾಕ್ಕೆ ಡಯಲು ಬಳಿದರೆ ಬೆಲೆ ಅರ್ಧಕ್ಕೆ ಬೀಳುವುದು ಮಾಮೂಲು. ಹಳೇ ವಾಚಿನ ಡಯಲು ಜಮೀನಿನ ಉತಾರ ಇದ್ದ ಹಾಗೆ: ಅದರ ಮೇಲೆ ಯಾರೋ ತಿದ್ದಿದ್ದಾರೆ ಅಂತಾದರೆ ಮಣ್ಣು ಎಷ್ಟೇ ಚೆನ್ನಾಗಿರಲಿ ಕೊಳ್ಳುವವರು ಹಿಂದೆ ಸರಿಯುತ್ತಾರೆ.

ಗುರುತು ಹಿಡಿಯುವುದು ಹೇಗೆ? ಒಂದು ಭೂತಗನ್ನಡಿ ಸಾಕು. ಅಕ್ಷರಗಳ ಅಂಚು ನೋಡಿ, ಕಾರ್ಖಾನೆಯ ಅಚ್ಚು ಚೂಪಾಗಿರುತ್ತದೆ, ಮರು ಬಳಿದದ್ದು ದಪ್ಪಗೆ, ಅಲ್ಲಲ್ಲಿ ಹರಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿವೆಯಾ ನೋಡಿ. ಡಯಲಿನ ಕೆಳತುದಿಯಲ್ಲಿ ಸ್ವಿಸ್ ಮೇಡ್ ಅನ್ನುವ ಬರಹ ಇದೆಯಾ, ಅರ್ಧ ತುಂಡಾಗಿದೆಯಾ? 60ರ ದಶಕದಿಂದ 90ರ ದಶಕದವರೆಗೆ ರಾತ್ರಿ ಹೊಳೆಯಲು ಟ್ರಿಟಿಯಮ್ ಬಳಸಿದ ಸ್ವಿಸ್ ವಾಚುಗಳಲ್ಲಿ ಆ ಬರಹದ ಪಕ್ಕ ಟಿ ಅಕ್ಷರ ಸಾಮಾನ್ಯವಾಗಿ ಇರುತ್ತದೆ. ಡಯಲಿನ ಹೊಳಪಿನ ಚುಕ್ಕಿ ಹಳದಿ ತಿರುಗಿ ಮುಳ್ಳಿನದು ಬಿಳಿಯಾಗಿದ್ದರೆ ಯಾವುದೋ ಒಂದು ಬದಲಾಗಿದೆ. ಅದಕ್ಕೂ ಹಿಂದಿನ ವಾಚುಗಳಲ್ಲಿ ರೇಡಿಯಮ್ ಇರುತ್ತದೆ, ಅದನ್ನು ಕೆರೆಯಬೇಡಿ, ಪುಡಿ ಒಳಗೆ ಹೋದರೆ ಅಪಾಯ. ಬೆಲ್ಟ್ ಸಿಕ್ಕಿಸುವ ಕಾಲುಗಳ ಅಂಚು ದುಂಡಗಾಗಿದ್ದರೆ ಜೋರಾಗಿ ಪಾಲಿಶ್ ಆಗಿದೆ ಅಂತ ಅರ್ಥ.

ಇಷ್ಟೆಲ್ಲ ನೋಡಿದರೂ ಮೋಸ ಹೋಗಬಹುದು, ದೊಡ್ಡವರೇ ಹೋಗಿದ್ದಾರೆ. 2021ರಲ್ಲಿ ಜಿನೀವಾದಲ್ಲಿ ಒಮೆಗಾ ಸ್ಪೀಡ್‌ಮಾಸ್ಟರ್‌ನ ಮೊದಲ ಮಾದರಿಯ ಒಂದು ವಾಚು 31 ಲಕ್ಷ ಫ್ರಾಂಕಿಗೆ ಹೋಯಿತು, ಕೊಂಡದ್ದು ಒಮೆಗಾ ಕಂಪನಿಯ ಮ್ಯೂಸಿಯಮ್ಮೇ. 2023ರಲ್ಲಿ ಕಂಪನಿಯೇ ಹೇಳಿತು, ಅದು ಬೇರೆ ಬೇರೆ ವಾಚುಗಳ ಭಾಗ ಜೋಡಿಸಿ ಮಾಡಿದ್ದು ಅಂತ.

ಹಾಗಾದರೆ ಯಾವುದು ತಗೊಳ್ಳಬೇಕು

ಮನೆಯ ವಾಚು ಇದ್ದರೆ ಅದೇ ಮೊದಲು, ಅಂದೆ. ಖರ್ಚು ಒಂದೆರಡು ಸಾವಿರ. ಖಡೇ ಬಜಾರ್ ಕಡೆ ಕೂತು ಕೀಲಿ ವಾಚು ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಡುವ ಹಿರಿಯರು ಇನ್ನೂ ಇದ್ದಾರೆ, ಅವರು ಇರುವಾಗಲೇ ಮಾಡಿಸಿಕೊಳ್ಳಿ. ಕೊಡುವಾಗ ಬಾಯಿಬಿಟ್ಟು ಹೇಳಿ: "ಕಾಕಾ, ಡಯಲಿಗೆ ಬಣ್ಣ ಬೇಡ, ಕೇಸಿಗೆ ಪಾಲಿಶ್ ಬೇಡ, ಯಾವ ಭಾಗ ತೆಗೆದರೂ ನನಗೇ ವಾಪಸ್ ಕೊಡಿ." ಹೇಳದಿದ್ದರೆ ಅವರು ಪ್ರೀತಿಯಿಂದಲೇ ಹೊಳೆಯುವಂತೆ ಮಾಡಿ ಕೊಟ್ಟುಬಿಡುತ್ತಾರೆ, ಅವರ ಪ್ರಕಾರ ಒಳ್ಳೆಯ ಕೆಲಸ ಅಂದರೆ ಅದೇ.

ಐದು ಸಾವಿರದೊಳಗೆ ಆಸೆ ತೀರಬೇಕಾದರೆ ಎಚ್‌ಎಂಟಿ. ಜನತಾ ಅಥವಾ ಕರಿ ಡಯಲಿನ ಪೈಲಟ್. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ ಸುದ್ದಿ ಬಂದಾಗ ಜನ ಮುಗಿಬಿದ್ದು ಕೊಂಡರು, ಬೆಲೆ ಹಲವು ಪಟ್ಟು ಆಯಿತು. ಪ್ರಮಾಣದಲ್ಲಿ ನೋಡಿದರೆ ಎಷ್ಟೋ ರೋಲೆಕ್ಸ್‌ಗಿಂತ ಒಳ್ಳೆಯ ಏರಿಕೆ, ಆದರೆ ಮೊತ್ತ ಸಣ್ಣದು, ಲಕ್ಷಗಟ್ಟಲೆ ಹಾಕಲು ಅಲ್ಲಿ ಜಾಗ ಇಲ್ಲ. ಮುಂಬೈ ಬಣ್ಣದ ಕಾಟ ಇದಕ್ಕೂ ಇದೆ, ಪೈಲಟ್‌ಗೆ ಎಲ್ಲಕ್ಕಿಂತ ಜಾಸ್ತಿ.

ಎರಡು ಮೂರು ಲಕ್ಷಕ್ಕೆ ಒಮೆಗಾ. ಸೀಮಾಸ್ಟರ್, ಇಲ್ಲವೇ 1952ರಲ್ಲಿ ಶುರುವಾದ ಕಾನ್‌ಸ್ಟೆಲೇಶನ್, 50, 60ರ ದಶಕದ್ದು. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಇದಕ್ಕಿಂತ ಒಳ್ಳೆಯ ಹಳೇ ವಾಚಿಲ್ಲ. ಮಷೀನು ಗಟ್ಟಿ, ಹಳೇ ರಿಪೇರಿಯವರಿಗೂ ಅದರ ಪರಿಚಯ ಇದೆ. ಬೆಲೆ ರೋಲೆಕ್ಸ್ ಥರ ಹಾರಿಲ್ಲ, ಅದೇ ನಮಗೆ ಅನುಕೂಲ, ಬೀಳುವ ಭಯವೂ ಕಡಿಮೆ.

ಅದಕ್ಕೂ ಸ್ವಲ್ಪ ಮೇಲೆ ಹೋದರೆ ಹಳೇ ರೋಲೆಕ್ಸ್ ಡೇಟ್‌ಜಸ್ಟ್, 1601 ಇಲ್ಲವೇ 1603, ಹೊರಗೆ ನಾಲ್ಕೈದು ಸಾವಿರ ಡಾಲರಿನ ಆಸುಪಾಸು. ಲಕ್ಷಗಟ್ಟಲೆ ಮಾಡಿದ ವಾಚು, ಅಪರೂಪ ಅಲ್ಲ. ಹಾಗಾಗಿ ಇದು ನಿಧಾನವಾಗಿ ಏರುತ್ತದೆ ಅಷ್ಟೇ, ಲಾಟರಿ ಅಲ್ಲ. ಕೊಳ್ಳುವ ಮುಂಚೆ ಬೆಲ್ಟ್ ಬಿಚ್ಚಿಸಿ ಕಾಲುಗಳ ನಡುವೆ ನೋಡಿ, 12ರ ಕಡೆ ಮಾಡೆಲ್ ನಂಬರ್, 6ರ ಕಡೆ ಸೀರಿಯಲ್ ನಂಬರ್ ಇರಬೇಕು. ಮುಚ್ಚಳ ತೆಗೆಸಿ ಮಷೀನಿನ ಮೇಲೆ ಹೆಸರು ನೋಡಿ. ಮಾರುವವರು ತೆಗೆಯಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ, ಎಷ್ಟೇ ಕಡಿಮೆ ಬೆಲೆ ಹೇಳಲಿ. ಕಂಪನಿಯ ಸರ್ವಿಸಿಗೆ ದೊಡ್ಡ ಊರಿಗೇ ಕಳಿಸಬೇಕು, ಅಲ್ಲೂ ಡಯಲು, ಮುಳ್ಳು ಬದಲಿಸಬೇಡಿ ಅಂತ ಬರೆದುಕೊಡಬೇಕು. ಹಳೇ ಡಯಲು ತೆಗೆದು ಹೊಸದು ಹಾಕಿದರೆ ವಾಚು ಚೆನ್ನಾಗಿ ಓಡುತ್ತದೆ, ಹಳೇ ವಾಚಿನ ಬೆಲೆ ಹೋಗುತ್ತದೆ.

ಹೊಸ ರೋಲೆಕ್ಸ್ ಬೇಕೆನ್ನುವವರಿಗೆ ಹೇಳಲು ನನ್ನ ಬಳಿ ಜಾಸ್ತಿ ಇಲ್ಲ. ಅಧಿಕೃತ ಅಂಗಡಿಯ ಬೆಲೆಗೆ ಸಿಕ್ಕರೆ ತಗೊಳ್ಳಿ, ಸರದಿಯಲ್ಲಿ ಕಾಯಬೇಕಾಗುತ್ತದೆ. ಹೆಚ್ಚಿನ ಬೆಲೆ ಕೊಟ್ಟು ಹೊರಗೆ ಕೊಳ್ಳಬೇಡಿ, 2022ರಲ್ಲಿ ಕೈಸುಟ್ಟುಕೊಂಡವರು ಅವರೇ. 10 ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್‌ನಿಂದ ಅಂಗಡಿಯವರು ಶೇ. 1 ತೆರಿಗೆ ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಮಳೆಯ ಮಾತು ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ, ಖಾನಾಪುರ ಕಡೆಯ ಮಳೆಯಲ್ಲಿ ಯಾವ ಹಳೇ ವಾಚನ್ನೂ ಕಟ್ಟಿಕೊಂಡು ಬೈಕಿನಲ್ಲಿ ಹೋಗಬೇಡಿ. ವಾಟರ್‌ಪ್ರೂಫ್ ಅಂತ ಬರೆದಿರುವುದು ಅರವತ್ತು ವರ್ಷದ ಹಿಂದೆ, ಒಳಗಿನ ರಬ್ಬರ್ ಯಾವಾಗಲೋ ಸತ್ತಿರುತ್ತದೆ. ವಿಜಯಪುರದವರಿಗೆ ಮಳೆಗಿಂತ ಧೂಳಿನ ಚಿಂತೆ, ಗಾಜು ಸಡಿಲವಿದ್ದರೆ ಬೇಸಿಗೆ ಮುಗಿಯುವಷ್ಟರಲ್ಲಿ ಎಣ್ಣೆ ಕೆಸರಾಗುತ್ತದೆ.

ಕೊನೆಗೆ ಮಾರುವ ವಿಚಾರ. ಬಂಗಾರವನ್ನು ಶಹಾಪುರದ ಸರಾಫ ಗಲ್ಲಿಗೆ ಒಯ್ದರೆ ಅವತ್ತಿನ ದರಕ್ಕೆ ಸಂಜೆಯೊಳಗೆ ಹಣವಾಗುತ್ತದೆ. ವಾಚು ಹಾಗಲ್ಲ. ಕೊಳ್ಳುವ ವ್ಯಾಪಾರಿ ಇರುವುದು ಮುಂಬೈ, ದಿಲ್ಲಿ, ಬೆಂಗಳೂರಿನಲ್ಲಿ, ಅವರು ತಮ್ಮ ಲಾಭ ಬಿಟ್ಟೇ ಬೆಲೆ ಹೇಳುತ್ತಾರೆ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮಗಳ ಮದುವೆಗೆ, ಆಸ್ಪತ್ರೆಗೆ ಬೇಕಾಗಬಹುದಾದ ಹಣವನ್ನು ವಾಚಿನಲ್ಲಿ ಇಡಲೇಬೇಡಿ. ಅದನ್ನೆಲ್ಲ ಬದಿಗಿಟ್ಟು ಉಳಿದದ್ದರಲ್ಲಿ ಕೊಳ್ಳುವುದಾದರೆ ಬಿಲ್ಲು ಕೇಳಿ, ಅದರಲ್ಲಿ ಸೀರಿಯಲ್ ನಂಬರು ಮತ್ತು "ಡಯಲು ಮೂಲದ್ದು" ಅಂತ ಬರೆಸಿ, ತೆರೆದ ಮಷೀನಿನ ಫೋಟೋ ಅಲ್ಲೇ ತೆಗೆದಿಟ್ಟುಕೊಳ್ಳಿ. ನಾಳೆ ಮಾರಲು ಹೋದಾಗ ಮುಂಬೈಯವರು ಮೊದಲು ಕೇಳುವುದು ಆ ಫೋಟೋವನ್ನೇ.